ಒಗೆಯದ ಟೊಪ್ಪಿ

ಅದೇ ಮಾತನ್ನು ಮಮ್ಮದ್ ಬ್ಯಾರಿಯವರು ಮತ್ತೊಮ್ಮೆ ಮೊದಲಿನಿಂದ ಹೇಳಬೇಕಾಯಿತು.

ಕಳೆದುಹೋದವನು ಮಗ. ಹೆಸರು ಮಹ್ರೂಫ್. ಬಿಳಿ ವ್ಯಾನಿನಲ್ಲಿ ತರಕಾರಿ ಸಾಗಿಸುವುದು ಅವನ ಕೆಲಸ. ಶುಕ್ರವಾರ ಸೀಬ್ ಊರಿನ ಮಸೀದಿಯಲ್ಲಿ ಜುಮಾ ನಮಾಜು ಮುಗಿಸಿ, ಅಂಗಡಿಯಲ್ಲಿ ತಂದೆಯ ಜೊತೆ ಎರಡು ತುತ್ತು ಉಂಡು, ಅಮೇರಾತಿನ ದಾರಿಯಾಗಿ ಕುರಿಯಾತಿಗೆ ಹೊರಟಿದ್ದ. ಬೆಟ್ಟದ ಮೇಲೆ ಮಳೆ ಸುರಿಯಿತು. ವಾದಿ ಬಂತು. ಆಮೇಲೆ ಅವನ ಫೋನು ಹತ್ತಲಿಲ್ಲ.

ಒಮಾನಿನಲ್ಲಿ ಮಳೆಗೆ ಯಾರೂ ಹೆದರುವುದಿಲ್ಲ. ಮಳೆ ಬಂದರೆ ಮಕ್ಕಳು ಬೀದಿಗಿಳಿದು ಕುಣಿಯುತ್ತಾರೆ. ಹೆದರುವುದು ವಾದಿಗೆ. ವರ್ಷವಿಡೀ ಕಲ್ಲು ಮರಳು ಹೊದ್ದು ಸತ್ತ ಹಾಗೆ ಬಿದ್ದಿರುವ ಹಳ್ಳವದು. ಕಣ್ಣಿಗೆ ಕಾಣದ ಯಾವುದೋ ಬೆಟ್ಟದಲ್ಲಿ ಮಳೆಯಾದರೆ, ಇಲ್ಲಿ ಬಿಸಿಲಿರುವಾಗಲೇ ಗೋಡೆ ಎದ್ದ ಹಾಗೆ ನೀರು ಬಂದುಬಿಡುತ್ತದೆ. ಮೂವತ್ತೈದು ವರ್ಷ ಸೀಬಿನ ಸೂಕು ಪೇಟೆಯಲ್ಲಿ ದರ್ಜಿಯಾಗಿ ಕುಳಿತ ಮಮ್ಮದ್ ಬ್ಯಾರಿಯವರಿಗೆ ಇದು ಗೊತ್ತಿತ್ತು. ಇಲ್ಲಿಯೇ ಹುಟ್ಟಿದ ಮಹ್ರೂಫನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ದಾಟಲು ಹೋದನೇ, ನಿಂತಲ್ಲಿಗೇ ನೀರು ಬಂತೇ ಎಂಬುದನ್ನು ಹೇಳುವವರು ಯಾರೂ ಇರಲಿಲ್ಲ.

ಈ ಕಥೆಯನ್ನು ಅವರು ಮೊದಲು ಹೇಳಿದ್ದು ರಸ್ತೆಗೆ ಅಡ್ಡವಾಗಿ ಜೀಪು ನಿಲ್ಲಿಸಿದ್ದ ಟ್ರಾಫಿಕ್ ಪೊಲೀಸನಿಗೆ. ಅವನದು ರಸ್ತೆಯ ಕೆಲಸ, ರಸ್ತೆಯಿಂದಾಚೆಗೆ ಹೋದವರು ಅವನ ಲೆಕ್ಕಕ್ಕೆ ಬರುವುದಿಲ್ಲ. ಅವನು ಠಾಣೆಗೆ ಕಳುಹಿಸಿದ. ಠಾಣೆಯವರು ಬರೆದುಕೊಂಡು ರಕ್ಷಣಾ ದಳಕ್ಕೆ ತಿಳಿಸಿದರು. ಅಲ್ಲಿಂದ ನೀರಿಗೆ ಇಳಿಯುವವರು ಬಂದರು, ಹೆಲಿಕಾಪ್ಟರಿನವರು ಬಂದರು, ಹಗ್ಗ ಕಟ್ಟಿ ಬಂಡೆ ಹತ್ತುವವರು ಬಂದರು. ವಾದಿ ಸಮುದ್ರ ಸೇರುವ ಜಾಗದಲ್ಲಿ ಕರಾವಳಿ ಕಾವಲಿನವರು ದೋಣಿ ಇಟ್ಟು ಕಾದರು. ಒಬ್ಬೊಬ್ಬರ ಅಂಗಿಗೆ ಒಂದೊಂದು ಬಣ್ಣ, ತೋಳಿನ ಮೇಲೆ ಒಂದೊಂದು ಗುರುತು. ಎಲ್ಲರೂ ಒಳ್ಳೆಯ ಮನುಷ್ಯರೇ. ಹಾಜಿ ಎಂದು ಕರೆದು ಕೈಗೆ ನೀರಿನ ಬಾಟಲಿ ಕೊಟ್ಟು, ನೆರಳಲ್ಲಿ ಕೂರಿಸಿ, ಮಗನ ಎತ್ತರ ಎಷ್ಟು, ಮೈಬಣ್ಣ ಎಂಥದು, ಈಜು ಬರುತ್ತದೆಯೇ ಎಂದು ಕೇಳಿದರು. ಒಬ್ಬ ಮನುಷ್ಯ ಕಾಣೆಯಾದರೆ ಅವನನ್ನು ಹೀಗೆ ರಸ್ತೆಗೆ ಇಷ್ಟು, ನೀರಿಗೆ ಇಷ್ಟು, ಆಕಾಶಕ್ಕೆ ಇಷ್ಟು ಎಂದು ಪಾಲು ಹಾಕಿಕೊಂಡು ಹುಡುಕುತ್ತಾರೆಂದು ಮಮ್ಮದ್ ಬ್ಯಾರಿಯವರಿಗೆ ತಿಳಿದಿರಲಿಲ್ಲ. ಯಾರ ಪಾಲಿಗೂ ಮಗ ಸಿಕ್ಕಿರಲಿಲ್ಲ.

ಶನಿವಾರ ಮಧ್ಯಾಹ್ನ ವ್ಯಾನು ಸಿಕ್ಕಿತು. ಎರಡು ಬಂಡೆಗಳ ನಡುವೆ ಮೂಗು ಸಿಕ್ಕಿಸಿಕೊಂಡು ನಿಂತಿತ್ತು. ಒಳಗೆ ಸೀಟಿನ ಎತ್ತರಕ್ಕೆ ಕೆಸರು. ಡ್ರೈವರಿನ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ.

ಆ ತೆರೆದ ಬಾಗಿಲಿನ ಮೇಲೆಯೇ ಈಗ ಎಲ್ಲ ನಿಂತಿತ್ತು. ಬಾಗಿಲನ್ನು ನೀರು ತೆರೆಯಿತೋ, ಮಗ ತೆರೆದನೋ? ನೀರು ತೆರೆದಿದ್ದರೆ ಅವನು ಕೆಳಗೆ, ಸಮುದ್ರದ ಕಡೆಗೆ ಹೋಗಿದ್ದಾನೆ. ಅವನೇ ತೆರೆದಿದ್ದರೆ ಎಲ್ಲೋ ಮೇಲೆ, ನೀರು ಮುಟ್ಟದ ಕಡೆ ಇದ್ದಾನೆ. ಅದಕ್ಕಾಗಿಯೇ ನಾಯಿಯ ದಳದವರನ್ನು ಕರೆಸಿದ್ದು. ನಾಳೆ ಬೆಳಿಗ್ಗೆ ಬರುವಾಗ ಮಗನ ಬಟ್ಟೆ ತನ್ನಿ ಎಂದು ರಕ್ಷಣಾ ದಳದ ಅಧಿಕಾರಿ ಶನಿವಾರ ಸಂಜೆಯೇ ಹೇಳಿದ್ದ.

ಮಮ್ಮದ್ ಬ್ಯಾರಿಯವರು ಅಲ್ ಗುಬ್ರಾದ ತಮ್ಮ ಫ್ಲಾಟಿಗೆ ಹೋಗಿ ಹೆಂಡತಿ ಬೀಬಿಗೆ, "ಪೊಲೀಸರಿಗೆ ಮಹ್ರೂಫನ ಒಂದು ಜೊತೆ ಬಟ್ಟೆ ಬೇಕಂತೆ" ಎಂದು ಅಷ್ಟೇ ತಿಳಿಸಿದರು. ನಾಯಿ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡರು. ನಾಯಿ ಮೂಸಿದ ನೆಲದಲ್ಲಿ ಚಾಪೆ ಹಾಸದ ಹೆಂಗಸು ಆಕೆ. ಬೆಳಗಿನಿಂದ ಅತ್ತು ಅತ್ತು ಈಗಷ್ಟೇ ಸುಮ್ಮನಾಗಿದ್ದಳು. ಅವಳಿಗೆ ಇನ್ನೊಂದು ಸಂಕಟ ಯಾಕೆ ಎಂದುಕೊಂಡರು.

ಈಗ ಭಾನುವಾರ ಬೆಳಿಗ್ಗೆ ಎದುರಿಗೆ ನಿಂತವನು ಸಾಲಿಂ, ನಾಯಿ ನಡೆಸುವವನು. ಗಡ್ಡ ಅರ್ಧ ನರೆತಿತ್ತು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅರಬಿಗೆ ಹಿಂದಿ ಬೆರೆಸಿ ಮಾತಾಡುತ್ತಿದ್ದ. ಮಮ್ಮದ್ ಬ್ಯಾರಿಯವರಿಗೆ ಎರಡೂ ಬರುತ್ತಿತ್ತು. ಅವನ ಜೀಪಿನ ಹಿಂದೆ ಎರಡು ಗೂಡು, ಎರಡರಲ್ಲೂ ನಾಯಿ. ಒಂದು ಕಂದು ಬಣ್ಣದ್ದು, ಕಿವಿ ಉದ್ದ. ಇನ್ನೊಂದು ಕಪ್ಪು.

"ಈ ಕಂದು ಬಣ್ಣದವಳು ರೀಮ್," ಎಂದ ಸಾಲಿಂ. "ಇವಳಿಗೆ ಒಬ್ಬ ಮನುಷ್ಯನ ವಾಸನೆ ಕೊಟ್ಟರೆ ಸಾಕು, ಅವನನ್ನೇ ಹುಡುಕಿಕೊಂಡು ಹೋಗುತ್ತಾಳೆ. ಮಣ್ಣು ಇನ್ನೂ ಹಸಿ ಇದೆ, ಒಳ್ಳೆಯದೇ ಆಯಿತು."

"ಆ ಕಪ್ಪು ನಾಯಿ?"

ಸಾಲಿಂ ಗೂಡಿನ ಚಿಲಕ ಸರಿಯಿದೆಯೇ ಎಂದು ಎಳೆದು ನೋಡಿದ. "ಅವನಿಗೆ ಯಾರ ಬಟ್ಟೆಯೂ ಬೇಡ, ಹಾಜಿ," ಎಂದ.

ಮಮ್ಮದ್ ಬ್ಯಾರಿಯವರು ಮತ್ತೆ ಕೇಳಲಿಲ್ಲ. ಬದುಕಿದವರನ್ನು ಹುಡುಕುವುದಕ್ಕೆ ಹೆಸರು ಗುರುತು ಬೇಕು. ಸತ್ತವರಿಗೆಲ್ಲ ಒಂದೇ ವಾಸನೆ. ಅದು ಅವರಿಗೆ ಅರ್ಥವಾಯಿತು. ದೇವರೇ, ಪಡೆದವನೇ, ಆ ಕಪ್ಪು ನಾಯಿಯ ಗೂಡಿನ ಬಾಗಿಲು ತೆರೆಯದ ಹಾಗೆ ಮಾಡು ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

ಅವರನ್ನು ಕಾರಿನಲ್ಲಿ ಕರೆತಂದಿದ್ದವರು ಕೆಳಮಹಡಿಯ ಮೈಕಲ್ ಡಿಸೋಜ. ಊರಿನಲ್ಲಿ ಶಿರ್ವದ ಕಡೆಯವರು. ಒಂದು ಕಂಪನಿಯ ಲೆಕ್ಕದ ವಿಭಾಗದಲ್ಲಿದ್ದವರು, ಎರಡು ದಿನದಿಂದ ರಜೆ ಹಾಕಿ ಇವರ ಹಿಂದೆ ಮುಂದೆ ಓಡಾಡುತ್ತಿದ್ದರು. ಬಟ್ಟೆಯ ಚೀಲವನ್ನು ಅವರೇ ಹಿಡಿದುಕೊಂಡು ಬಂದು ಸಾಲಿಮನ ಕೈಗೆ ಕೊಟ್ಟರು.

ಸಾಲಿಂ ಚೀಲದ ಬಾಯಿ ಬಿಚ್ಚಿದ. ಲೋಬಾನದ ಪರಿಮಳ ಗಮ್ಮೆಂದು ಎದ್ದಿತು. ಒಳಗೆ ಆಕಾಶನೀಲಿ ಅಂಗಿ, ಪ್ಯಾಂಟು, ಬನಿಯನು, ಒಂದು ಕರವಸ್ತ್ರ, ಎಲ್ಲ ಮಡಿಕೆ ಮುರಿಯದಂತೆ ಇಸ್ತ್ರಿ ಹಾಕಿ ಅಡುಕಿದ್ದವು. ಸಾಲಿಂ ಕೈಯಲ್ಲಿ ಹಿಡಿದ ಚೀಲವನ್ನೂ ಮುದುಕರ ಮುಖವನ್ನೂ ನೋಡಿದ. ಆದರೂ ತನ್ನ ಕರ್ತವ್ಯವೆಂಬಂತೆ ನಾಯಿಯನ್ನು ಇಳಿಸಿ ಚೀಲವನ್ನು ಅದರ ಮೂತಿಗೆ ಹಿಡಿದ. ರೀಮ್ ಒಮ್ಮೆ ಮೂಸಿತು. ಸೀನಿತು. ಇನ್ನೊಮ್ಮೆ ಸೀನಿ ಮುಖ ತಿರುಗಿಸಿ ಸಾಲಿಮನ ಕಾಲಬುಡದಲ್ಲಿ ಕುಳಿತುಬಿಟ್ಟಿತು.

"ಇದು ಒಗೆದ ಬಟ್ಟೆ," ಎಂದ ಸಾಲಿಂ ಮೆಲ್ಲಗೆ. "ಬುಖೂರ್ ಹೊಗೆ ಬೇರೆ ಹಾಕಿದ್ದಾರೆ. ಇದರಲ್ಲಿ ನಿಮ್ಮ ಮಗ ಇಲ್ಲ, ಹಾಜಿ."

ಮಮ್ಮದ್ ಬ್ಯಾರಿಯವರಿಗೆ ಆಗ ಎಲ್ಲ ತಿಳಿಯಿತು. ಬೀಬಿ ಏನು ಅಂದುಕೊಂಡಿದ್ದಳು? ಪೊಲೀಸರು ಬಟ್ಟೆ ಕೇಳಿದ್ದು ಮಗನಿಗೆ ಉಡಿಸಲು. ಸಿಕ್ಕಿದಾಗ ಅವನು ಒದ್ದೆಯಾಗಿರುತ್ತಾನೆ, ಕೆಸರಾಗಿರುತ್ತಾನೆ, ಬದಲಿಸಲು ಒಂದು ಜೊತೆ ಬೇಕಲ್ಲ. ಸರಕಾರದವರ ಕೈಗೆ ಹೋಗುವ ಬಟ್ಟೆ, ಮಾಸಿದ್ದು ಕೊಡುವುದುಂಟೇ? ರಾತ್ರಿಯೇ ಒಗೆದು, ಫ್ಯಾನಿನ ಕೆಳಗೆ ಒಣಗಿಸಿ, ಬೆಳಗಿನ ನಮಾಜು ಮುಗಿಸಿ ಇಸ್ತ್ರಿ ಹಾಕಿ, ಹಬ್ಬಕ್ಕೆ ಹಾಕುವ ಹಾಗೆ ಹೊಗೆ ಹಾಕಿ ಕಳುಹಿಸಿದ್ದಳು.

ಫೋನು ಮಾಡಿದರು.

"ಬೀಬೀ, ಒಗೆಯದ ಬಟ್ಟೆ ಅವನದು ಯಾವುದಾದರೂ ಉಂಟಾ?"

"ಒಗೆಯದ್ದಾ? ಯಾಕೆ, ಕೊಟ್ಟದ್ದರಲ್ಲಿ ಕೊಳೆ ಉಂಟು ಅಂದರಾ ಅವರು? ನಾನೇ ಕಾಲರು ಉಜ್ಜಿ ಉಜ್ಜಿ ತಿಕ್ಕಿದ್ದೇನೆ!"

"ಕೊಳೆ ಇಲ್ಲ ಮಾರಾಯ್ತಿ. ಅದೇ ಕಷ್ಟ ಆದದ್ದು. ಬುಟ್ಟಿಯಲ್ಲಿ ಎಂತದಾದರೂ ಉಂಟಾ ನೋಡು."

"ಬುಟ್ಟಿಯಲ್ಲಿ ಎಂತ ಇರುತ್ತದೆ? ನಿನ್ನೆಯೇ ಎಲ್ಲ ಮಿಷನ್ನಿಗೆ ಹಾಕಿದೆ. ಕೈ ಖಾಲಿ ಇಟ್ಟುಕೊಂಡು ಹೇಗೆ ಕೂತುಕೊಳ್ಳುವುದು ನಾನು?"

"ತಲೆದಿಂಬಿನ ಕವರು?"

"ಒಗೆದೆ. ಮನೆಗೆ ಜನ ಬರುತ್ತಾರಲ್ಲ."

"ಹೊದಿಕೆ?"

"ಹೊದಿಕೆಯೂ ಒಗೆದೆ. ಟವೆಲೂ ಒಗೆದೆ. ನೀವು ಯಾಕೆ ಹೀಗೆಲ್ಲ ಕೇಳುವುದು? ಅವನಿಗೆ ಬಟ್ಟೆ ಆಗಲಿಲ್ಲವಾ? ಸಿಕ್ಕಿದನಾ ಅವನು?"

ಆ ಕಡೆಯಲ್ಲಿ ಸೊಸೆ ಸಮೀನಾ ಫೋನು ತೆಗೆದುಕೊಂಡಳು. ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿದ ಸದ್ದು ಕೇಳಿತು. "ಮಾವಾ, ನಾಯಿಗಾ?" ಎಂದು ಪಿಸುಗುಟ್ಟಿದಳು.

"ಹೌದು ಮಗಳೇ."

"ಬಾಚಣಿಗೆ ಉಂಟು. ಆದರೆ ನಾನೂ ಅದರಲ್ಲೇ ಬಾಚುವುದು. ಮದುವೆಯ ಶೂ ಉಂಟು, ಡಬ್ಬಿಯಲ್ಲಿ. ಆಮೇಲೆ ಅವರು ಹಾಕಲೇ ಇಲ್ಲ, ಕಚ್ಚುತ್ತದೆ ಅಂತ. ಮನೆಯಲ್ಲಿ ಅವರ ವಾಸನೆ ಎಲ್ಲಿಯೂ ಇಲ್ಲ ಮಾವಾ. ನಿನ್ನೆ ರಾತ್ರಿ ನಾನೂ ಹುಡುಕಿದೆ."

ಫೋನು ಇಟ್ಟ ಮೇಲೆ ಮಮ್ಮದ್ ಬ್ಯಾರಿಯವರ ಬಲಗೈ ತಾನಾಗಿಯೇ ಜುಬ್ಬದ ಕಿಸೆಯ ಮೇಲೆ ಹೋಯಿತು. ಅಲ್ಲಿ ಟೊಪ್ಪಿ ಇತ್ತು.

ಮಹ್ರೂಫನ ನಮಾಜಿನ ಟೊಪ್ಪಿ. ಬೀಬಿ ಬಿಳಿ ನೂಲಿನಲ್ಲಿ ಹೆಣೆದದ್ದು. ಶುಕ್ರವಾರ ಅವಸರದಲ್ಲಿ ಉಂಡು ಎದ್ದವನು ಅದನ್ನು ಕತ್ತರಿಯ ಪಕ್ಕದಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದ. ಅಂಚು ಬೆವರಿನಿಂದ ಹಳದಿಯಾಗಿತ್ತು. ತಾಯಿ ಒಗೆಯಲು ಕೇಳಿದಾಗಲೆಲ್ಲ, "ಬೇಡ ಉಮ್ಮಾ, ಒಗೆದರೆ ಅದು ಗಿಡ್ಡ ಆಗುತ್ತದೆ, ಆಮೇಲೆ ಕೋಳಿಮೊಟ್ಟೆಯ ಮೇಲೆ ಇಟ್ಟ ಹಾಗೆ ಕಾಣುತ್ತದೆ" ಎಂದು ನಗಾಡಿ ತಪ್ಪಿಸಿಕೊಳ್ಳುತ್ತಿದ್ದ. ಸಂಜೆ ಕೊಡುವಾ ಎಂದು ಮಮ್ಮದ್ ಬ್ಯಾರಿಯವರು ಕಿಸೆಗೆ ಹಾಕಿಕೊಂಡಿದ್ದರು. ಆಮೇಲೆ ಅದು ಕಿಸೆಯಿಂದ ಹೊರಗೆ ಬಂದದ್ದು ನಮಾಜಿನ ಹೊತ್ತಿನಲ್ಲಿ ಮಾತ್ರ. ತಲೆಗೆ ಇಟ್ಟುಕೊಂಡಿರಲಿಲ್ಲ. ಎರಡು ಕೈ ಎತ್ತಿ ಬೇಡುವಾಗ ಬೊಗಸೆಯಲ್ಲಿ ಅದನ್ನು ಇಟ್ಟುಕೊಂಡು ಮುಖಕ್ಕೆ ಒತ್ತಿಕೊಳ್ಳುತ್ತಿದ್ದರು. ತಲೆಗೆಣ್ಣೆಯ, ಬೆವರಿನ, ತರಕಾರಿ ಗೋಣಿಯ ವಾಸನೆ. ಮಗನೇ ಬಂದು ಪಕ್ಕದಲ್ಲಿ ಕೂತ ಹಾಗೆ ಆಗುತ್ತಿತ್ತು.

ಇದು ಒಗೆದ ಬಟ್ಟೆ ಎಂದು ಸಾಲಿಂ ಹೇಳಿದ ಕ್ಷಣದಲ್ಲಿಯೇ ಅವರಿಗೆ ಈ ಟೊಪ್ಪಿಯ ನೆನಪಾಗಿತ್ತು. ಆಗಲೇ ತೆಗೆದು ಕೊಡಬಹುದಿತ್ತು. ಕೈ ಬರಲಿಲ್ಲ. ನಾಯಿಯ ಮೂತಿಯ ಒದ್ದೆ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಮ್ಮೆ ಮಣ್ಣು ಹಚ್ಚಿ ತೊಳೆಯಬೇಕು ಎಂದು ಮದ್ರಸದ ಉಸ್ತಾದರು ಕಲಿಸಿದ್ದನ್ನು ಅವರು ಎಂದೂ ಮೀರಿದವರಲ್ಲ. ನಾಯಿ ಎದುರು ಬಂದರೆ ಪಂಚೆ ಎತ್ತಿ ರಸ್ತೆಯ ಆ ಬದಿಗೆ ದಾಟುವವರು. ಸುಜೂದಿಗೆ ನೆಲ ಮುಟ್ಟುವ ತಲೆಯ ಮೇಲಿನ ವಸ್ತು ಇದು. ಇದನ್ನು ಕೈಯಾರೆ ಹಿಡಿದು ನಾಯಿಯ ಬಾಯಿಗೆ ಒಡ್ಡುವುದೇ?

ಇನ್ನೊಂದು ಮಾತೂ ಇತ್ತು. ಅದನ್ನು ಅವರು ತಮಗೆ ತಾವೇ ಸ್ಪಷ್ಟವಾಗಿ ಹೇಳಿಕೊಳ್ಳಲಿಲ್ಲ. ಕೊಟ್ಟರೆ ತೊಳೆಯಬೇಕಾಗುತ್ತದೆ. ತೊಳೆದರೆ ಉಳಿದದ್ದೂ ಹೋಗುತ್ತದೆ.

ಮೈಕಲ್ ಇದನ್ನೆಲ್ಲ ನೋಡುತ್ತಿದ್ದರು. ಹತ್ತಿರ ಬಂದು ಕಲ್ಲಿನ ಮೇಲೆ ಕುಳಿತರು.

"ಬ್ಯಾರಿಗಳೇ, ಕಿಸೆಯಲ್ಲಿ ಎಂತ?"

"ಏನಿಲ್ಲ ಪೊರ್ಬುಗಳೇ," ಎಂದರು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ.

"ಶಿರ್ವದಲ್ಲಿ ನನ್ನ ಮನೆಯ ಒಕ್ಕಲಿಗೆ ಕರೆದೆ, ಬರಲಿಲ್ಲ ನೀವು. ನನ್ನ ಮಗ ಆಲ್‌ಸ್ಟನ್ನನ ಮದುವೆಯ ಮುನ್ನಾದಿನ ರೋಸಿಗೆ ಕರೆದೆ, ಗೇಟಿನಿಂದಲೇ ಕವರು ಕೊಟ್ಟು ವಾಪಸು ಹೋದಿರಿ. ಯಾಕೆ ಹೇಳಿ? ನಮ್ಮ ಟೈಗರ್ ಅಂಗಳದಲ್ಲಿ ಇದ್ದ ಅಂತ. ಆ ಪಾಪದ ಮುದಿ ನಾಯಿಗೆ ಒಂದು ಹಲ್ಲೂ ಇರಲಿಲ್ಲ ಮಾರಾಯ್ರೆ."

"ಹಲ್ಲಿನ ಹೆದರಿಕೆ ಅಲ್ಲ ನನಗೆ, ಗೊತ್ತುಂಟಲ್ಲ ನಿಮಗೆ."

"ಗೊತ್ತುಂಟು. ಅದಕ್ಕೇ ನಾನು ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. ನಿಮ್ಮ ದೇವರ ವಿಷಯ, ನಾನು ಕೈ ಹಾಕುವುದಿಲ್ಲ." ಮೈಕಲ್ ಸ್ವರ ತಗ್ಗಿಸಿದರು. "ಆದರೆ ಆ ಕಿಸೆಯಲ್ಲಿ ಮಹ್ರೂಫನದು ಎಂತದಾದರೂ ಇದ್ದರೆ, ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಕೊಡದಿದ್ದರೆ ಆ ಕರಿಯನನ್ನು ಬಿಡುತ್ತಾರೆ. ಅಷ್ಟೇ ನಾನು ಹೇಳುವುದು."

ಮಮ್ಮದ್ ಬ್ಯಾರಿಯವರು ಬಹಳ ಹೊತ್ತು ಕೆಳಗಿನ ವಾದಿಯನ್ನು ನೋಡಿದರು. ನೀರು ಇಳಿದುಹೋಗಿತ್ತು. ಕೆಂಪು ಕೆಸರಿನ ನಡುವೆ ಒಂದು ಖರ್ಜೂರದ ಮರ ಬುಡ ಮೇಲಾಗಿ ಬಿದ್ದಿತ್ತು. ಆಮೇಲೆ ಎದ್ದು ಸಾಲಿಮನ ಹತ್ತಿರ ಹೋಗಿ ಟೊಪ್ಪಿಯನ್ನು ತೆಗೆದು ತೋರಿಸಿದರು.

ಸಾಲಿಮನಿಗೆ ಕೂಡಲೇ ಅರ್ಥವಾಯಿತು. ಕೈ ನೀಡಲಿಲ್ಲ. "ನಮಾಜಿನದು," ಎಂದ.

"ಹೌದು."

"ಹಾಜಿ, ನನ್ನನ್ನು ನೋಡಿ. ಜೀಪಿನ ಮುಂದಿನ ಸೀಟಿನಲ್ಲಿ ಒಂದು ದಿಶ್ದಾಶಾ ಬೇರೆಯೇ ಇಟ್ಟಿದ್ದೇನೆ. ಬಾಂಗು ಕೇಳಿದರೆ ಈ ಸಮವಸ್ತ್ರ ಕಳಚಿ, ತೊಳೆದುಕೊಂಡು, ಅದನ್ನು ಹಾಕಿ ನಿಲ್ಲುತ್ತೇನೆ. ನನ್ನ ತಾಯಿ ಇವತ್ತಿಗೂ ಈ ಬಟ್ಟೆಯಲ್ಲಿ ನನ್ನನ್ನು ಮನೆಯ ಮಜ್ಲಿಸಿನೊಳಗೆ ಸೇರಿಸುವುದಿಲ್ಲ, ಹೊರಗಿನ ನಲ್ಲಿ ತೋರಿಸುತ್ತಾಳೆ. ಮಗ ಪೊಲೀಸಾಗಿ ನಾಯಿಯ ಬಾಲ ಹಿಡಿದ ಅಂತ ಬೈಯುತ್ತಾಳೆ. ತೊಳೆದರೆ ಹೋಗುವಂಥದ್ದು ಇದು. ತೊಳೆದರೂ ಹೋಗದ್ದು ಬೇರೆ ಇರುತ್ತದೆ."

"ನಾನು ಮೂರು ದಿನದಿಂದ ಇದನ್ನು ಕೈಯಲ್ಲಿ ಹಿಡಿದಿದ್ದೇನೆ. ನನ್ನ ವಾಸನೆಯೂ ಸೇರಿರುತ್ತದೆ."

ಸಾಲಿಂ ತಲೆಯಾಡಿಸಿದ. "ಹಾಗಿದ್ದರೆ ಅವಳು ನಿಮ್ಮನ್ನೂ ಮೂಸಬೇಕು. ನಿಮ್ಮನ್ನು ಮೂಸಿ ನೋಡಿದರೆ, ಟೊಪ್ಪಿಯಲ್ಲಿ ಇರುವ ಇನ್ನೊಬ್ಬ ಇಲ್ಲಿ ಇಲ್ಲ ಅಂತ ಅವಳಿಗೆ ಗೊತ್ತಾಗುತ್ತದೆ. ಆ ಇಲ್ಲದವನನ್ನು ಹುಡುಕಿಕೊಂಡು ಹೋಗುತ್ತಾಳೆ. ಅವಳ ಪಾಠವೇ ಹಾಗೆ. ಕೈ ಚಾಚಿ ನಿಲ್ಲಬೇಕು. ಹಿಂದೆಗೆಯಬಾರದು. ಆಗುತ್ತದೆಯೇ?"

ಮಮ್ಮದ್ ಬ್ಯಾರಿಯವರು ಬಿಸ್ಮಿಲ್ಲಾ ಎಂದು ಜುಬ್ಬದ ತೋಳು ಮಡಿಚಿದರು.

ನಾಯಿ ಮೊದಲು ಟೊಪ್ಪಿಗೆ ಮೂತಿಯಿಟ್ಟಿತು. ಈ ಸಲ ಸೀನಲಿಲ್ಲ. ಮೂಗನ್ನು ಪೂರ್ತಿ ಒಳಗೆ ಹುದುಗಿಸಿ ಉಸಿರೆಳೆಯಿತು. ಆಮೇಲೆ ಮುದುಕರ ಕಡೆಗೆ ತಿರುಗಿತು. ಅವರು ಕಣ್ಣು ಮುಚ್ಚಿಕೊಂಡರು. ಅಂಗೈಗೆ ತಣ್ಣನೆಯದೊಂದು ತಾಗಿತು, ಬೆರಳುಗಳ ನಡುವೆ ಹಾದು ಮಣಿಕಟ್ಟಿನ ತನಕ ಹೋಯಿತು. ಬಿಸಿ ಉಸಿರು. ಕೈಯನ್ನು ಹಿಂದೆ ಸರಿಸಲಿಲ್ಲ. ಕಣ್ಣು ಬಿಟ್ಟಾಗ ನಾಯಿ ತಲೆಯೆತ್ತಿ ಅವರ ಮುಖವನ್ನೇ ನೋಡುತ್ತಿತ್ತು. ಆಮೇಲೆ ನೆಲಕ್ಕೆ ಮೂಗು ಹಚ್ಚಿ ಹಗ್ಗವನ್ನು ಜಗ್ಗಿತು.

ವ್ಯಾನು ಸಿಕ್ಕಿದ ಜಾಗದಲ್ಲಿ ಅದು ಎರಡು ಸುತ್ತು ಹಾಕಿತು. ಕೆಳಗೆ ನೀರಿನ ಕಡೆಗೆ ಹೋಗುತ್ತದೆಯೇ? ಇಲ್ಲ. ಒಂದು ಬಂಡೆಯ ಮೇಲೆ ಮುಂಗಾಲು ಊರಿ, ಆಡು ಮೇಯಿಸುವವರು ಮಾಡಿಕೊಂಡ ಸವೆದ ದಾರಿಯಲ್ಲಿ ಮೇಲಕ್ಕೆ ಹತ್ತತೊಡಗಿತು. ಸಾಲಿಂ ಹಿಂದೆಯೇ ಹತ್ತಿದ. ಹಗ್ಗದ ದಳದ ಇಬ್ಬರು, ಒಬ್ಬ ಡಾಕ್ಟರು ಅವನ ಹಿಂದೆ.

"ಮೇಲೆ ಹೋಯಿತು!" ಎಂದು ಮೈಕಲ್ ಎದ್ದು ನಿಂತರು. "ನೋಡಿ ಬ್ಯಾರಿಗಳೇ, ಮೇಲೆ ಹೋಯಿತು. ಬಾಗಿಲು ಅವನೇ ತೆಗೆದದ್ದು!"

ಬಾಗಿಲು ಮಗನೇ ತೆಗೆದದ್ದು. ಮಮ್ಮದ್ ಬ್ಯಾರಿಯವರು ಕಲ್ಲಿನ ಮೇಲೆ ಕುಳಿತರು. ನಾಯಿ ಮೂಸಿದ ಕೈಯನ್ನು ಮೈಗೆ ತಾಗದ ಹಾಗೆ ದೂರ ಚಾಚಿ ಹಿಡಿದುಕೊಂಡಿದ್ದರು.

ಕಾಯುವುದು ಎಂದರೆ ಏನೆಂದು ಅವರಿಗೆ ಆ ಮೂರು ದಿನದಲ್ಲಿ ಗೊತ್ತಾಗಿತ್ತು. ಆದರೆ ಆಸೆ ಇಟ್ಟುಕೊಂಡು ಕಾಯುವುದು ಬೇರೆಯೇ. ಅದು ಇನ್ನೂ ಹೆಚ್ಚು ದಣಿಸುತ್ತದೆ. ಮೈಕಲ್ ತಮ್ಮ ಹೆಂಡತಿ ರೋಸಮ್ಮ ಕಟ್ಟಿಕೊಟ್ಟ ಚಪಾತಿಯ ಡಬ್ಬಿ ಬಿಚ್ಚಿ ಮುಂದೆ ಇಟ್ಟರು. ಇಬ್ಬರೂ ತಿನ್ನಲಿಲ್ಲ. ಹೆಲಿಕಾಪ್ಟರು ಬೆಟ್ಟದ ನೆತ್ತಿಯ ಮೇಲೆ ಒಂದೇ ಜಾಗದಲ್ಲಿ ನಿಂತು ಗಿರಗಿರ ಸದ್ದು ಮಾಡುತ್ತಿತ್ತು. ಮೈಕಲ್ ಅಂಗಿಯೊಳಗಿನ ಜಪಮಾಲೆಯನ್ನು ಬಟ್ಟೆಯ ಮೇಲಿನಿಂದಲೇ ಬೆರಳಿನಿಂದ ಎಣಿಸುತ್ತಿದ್ದರು.

ಸ್ವಲ್ಪ ಹೊತ್ತಿಗೆ ಹೆಲಿಕಾಪ್ಟರು ಹೊರಟುಹೋಯಿತು.

ಆಮೇಲೆ ರಕ್ಷಣಾ ದಳದವರು ನಾಲ್ಕು ಜನ ಸ್ಟ್ರೆಚರು ಹಿಡಿದುಕೊಂಡು ಆ ಸವೆದ ದಾರಿಯಲ್ಲಿ ಹತ್ತಿದರು. ನಡುವೆ ಒಬ್ಬ ನಿಂತು ಶೂವಿನ ದಾರ ಕಟ್ಟಿಕೊಂಡ. ಉಳಿದವರು ಅವನಿಗಾಗಿ ನಿಂತರು. ಯಾರಿಗೂ ಅವಸರ ಇರಲಿಲ್ಲ.

ಅವರ ನಡಿಗೆ ನೋಡಿಯೇ ಮಮ್ಮದ್ ಬ್ಯಾರಿಯವರಿಗೆ ಗೊತ್ತಾಯಿತು. ಯಾರೂ ಹೇಳಬೇಕಾಗಿರಲಿಲ್ಲ. ಇನ್ನಾ ಲಿಲ್ಲಾಹಿ ಎಂದು ತುಟಿ ಅಲುಗಿಸಿದರು. ಮೈಕಲ್ ಇನ್ನೂ ಮೇಲೆಯೇ ನೋಡುತ್ತಿದ್ದರು, ಅವರಿಗೆ ತಿಳಿದಿರಲಿಲ್ಲ. "ಪೊರ್ಬುಗಳೇ, ಕೂತುಕೊಳ್ಳಿ," ಎಂದು ಮಮ್ಮದ್ ಬ್ಯಾರಿಯವರೇ ಅವರಿಗೆ ಹೇಳಬೇಕಾಯಿತು.

ಸಾಲಿಂ ಇಳಿದು ಬಂದ. ನಾಯಿಗೆ ನೀರು ಕುಡಿಸಿ ಗೂಡಿಗೆ ಸೇರಿಸಿ, ಆಮೇಲೆ ಬಂದು ಎದುರು ಕುಕ್ಕರುಗಾಲಿನಲ್ಲಿ ಕೂತ.

"ನೀರಿಗೆ ಸಿಕ್ಕಿರಲಿಲ್ಲ, ಹಾಜಿ. ನೀರಿನಿಂದ ಬಹಳ ಮೇಲೆ, ಒಂದು ಬಂಡೆಯ ಅಡಿಯಲ್ಲಿ ಇದ್ದ. ಹೊಟ್ಟೆಗೆ ಪೆಟ್ಟಾಗಿದೆ, ಸ್ಟಿಯರಿಂಗು ಹೊಡೆದಿರಬೇಕು. ಅಷ್ಟು ಪೆಟ್ಟು ಇಟ್ಟುಕೊಂಡು ಅಲ್ಲಿಯವರೆಗೆ ಹತ್ತಿದ್ದಾನೆ. ಮುಖಕ್ಕೆ ಏನೂ ಆಗಿಲ್ಲ. ಮಲಗಿದ ಹಾಗೆ ಇದ್ದಾನೆ."

"ಯಾವಾಗ?"

"ನಮ್ಮ ಜೊತೆ ಬಂದ ಡಾಕ್ಟರು ನೋಡಿದರು. ಶುಕ್ರವಾರವೇ ಅಂತ ಹೇಳಿದರು."

ಮಮ್ಮದ್ ಬ್ಯಾರಿಯವರು ತಲೆ ಆಡಿಸಿದರು. ಸಾಲಿಂ ಏನನ್ನೋ ಹೇಳುವುದೋ ಬೇಡವೋ ಎಂದು ಯೋಚಿಸಿ ಹೇಳಿದ. "ಅಂಗಿ ಕಳಚಿ ಬಂಡೆಯ ಮೇಲೆ ಒಣಗಲು ಹರಡಿದ್ದ. ಗಾಳಿಗೆ ಹಾರಿಹೋಗದ ಹಾಗೆ ಅಂಚಿಗೆ ಕಲ್ಲು ಇಟ್ಟಿದ್ದ."

ಟೊಪ್ಪಿಯನ್ನು ಒಂದು ಕಾಗದದ ಲಕೋಟೆಯಲ್ಲಿ ಹಾಕಿ ಕೊಟ್ಟ. "ಮಾಫ್ ಮಾಡಿ," ಎಂದ. ಯಾವುದಕ್ಕೆ ಎಂದು ಹೇಳಲಿಲ್ಲ. ಜೀಪಿನಿಂದ ತನ್ನ ದಿಶ್ದಾಶಾ ತೆಗೆದುಕೊಂಡು ದೂರ ಹೋದ.

ಮಧ್ಯಾಹ್ನದ ಲುಹರ್ ನಮಾಜಿನ ಹೊತ್ತಾಗಿತ್ತು. ಮಮ್ಮದ್ ಬ್ಯಾರಿಯವರು ವಾದಿಯ ಅಂಚಿಗೆ ಇಳಿದರು. ಬಂಡೆಯ ಸಂದಿನಲ್ಲಿ ಕೆಸರು ಇನ್ನೂ ಮೆತ್ತಗಿತ್ತು. ಒಂದು ಹಿಡಿ ತೆಗೆದು ಕೈಗೆ, ಮಣಿಕಟ್ಟಿಗೆ ಉಜ್ಜಿದರು. ಮೈಕಲ್ ಕಾರಿನಿಂದ ನೀರಿನ ಕ್ಯಾನು ತಂದು ಸುರಿದರು. ತೊಳೆದರು, ಮತ್ತೆ ತೊಳೆದರು. ನಡುವೆ ಲೆಕ್ಕ ತಪ್ಪಿ, ಒದ್ದೆ ಕೈ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟರು.

"ಐದಾಯಿತು," ಎಂದರು ಮೈಕಲ್. "ಇನ್ನು ಎರಡು ಉಂಟು."

ಮೈಕಲ್ ಲೆಕ್ಕ ಹಿಡಿದು ಎರಡು ಸಲ ಸುರಿದರು. ಈ ವಾದಿಯ ನೀರು ಮಗನನ್ನು ಅಟ್ಟಿಕೊಂಡು ಹೋದದ್ದು, ಇದೇ ವಾದಿಯ ಮಣ್ಣು ಈಗ ಕೈಯನ್ನು ಶುದ್ಧ ಮಾಡಿದ್ದು. ಎರಡೂ ಪಡೆದವನದೇ ಅಪ್ಪಣೆ. ಮಮ್ಮದ್ ಬ್ಯಾರಿಯವರಿಗೆ ಅದರ ಮೇಲೆ ಜಗಳ ಮಾಡುವ ತ್ರಾಣ ಇರಲಿಲ್ಲ. ಕಲ್ಲಿನ ಮೇಲೆ ತಮ್ಮ ಶಾಲು ಹಾಸಿ ನಿಂತರು. ಸ್ವಲ್ಪ ದೂರದಲ್ಲಿ ಬಿಳಿ ದಿಶ್ದಾಶಾ ತೊಟ್ಟ ಸಾಲಿಂ ನಿಂತಿದ್ದ. ತಮ್ಮ ತಮ್ಮ ಪಂಥದ ಕ್ರಮದಂತೆ ಅವನು ಕೈ ಇಳಿಬಿಟ್ಟು, ಇವರು ಕೈ ಕಟ್ಟಿ, ಒಂದೇ ದಿಕ್ಕಿಗೆ ಮುಖ ಮಾಡಿ ನಮಾಜು ಮಾಡಿದರು.

ಆಸ್ಪತ್ರೆಯ ಕೆಲಸ, ಠಾಣೆಯ ಕೆಲಸ ಮುಗಿಸಿ ಮನೆಗೆ ಬರುವಾಗ ಬಿಸಿಲು ಇಳಿದಿತ್ತು. ದಫನ್ ನಾಳೆ, ಅಮೇರಾತಿನ ಕಬರಸ್ಥಾನದಲ್ಲಿ ಎಂದು ತೀರ್ಮಾನವಾಗಿತ್ತು. ಸುದ್ದಿ, ನಾಯಿಯ ವಿಷಯವೂ ಸೇರಿ, ಮೊದಲೇ ಮುಟ್ಟಿತ್ತು. ಫ್ಲಾಟಿನ ತುಂಬ ಹೆಂಗಸರು. ರೋಸಮ್ಮ ಅಡಿಗೆಮನೆಯಲ್ಲಿ ಎಲ್ಲರಿಗೂ ಚಹಾ ಸೋಸುತ್ತಿದ್ದರು. ಸಮೀನಾ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೀಬಿ ಬಾಲ್ಕನಿಯಲ್ಲಿ, ಒಗೆದು ಹಾಕಿದ ಬಟ್ಟೆಗಳ ಕೆಳಗೆ ಕುಳಿತಿದ್ದಳು. ಹಗ್ಗದ ಮೇಲಿದ್ದುದೆಲ್ಲ ಮಹ್ರೂಫನವೇ. ಒಣಗಿ ಗರಿಗರಿಯಾಗಿದ್ದವು. ಯಾರೂ ತೆಗೆದಿರಲಿಲ್ಲ.

ಮಮ್ಮದ್ ಬ್ಯಾರಿಯವರು ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಅವಳು ಕೇಳುವ ಮೊದಲೇ ಹೇಳಿದರು. "ಶುಕ್ರವಾರವೇ ಅಂತೆ. ಡಾಕ್ಟರು ಹೇಳಿದ್ದು. ನೀನು ಬಟ್ಟೆ ನೀರಿಗೆ ಹಾಕುವ ಮೊದಲೇ ಆಗಿತ್ತು."

ಬೀಬಿ ಅವರ ಮುಖ ನೋಡಿದಳು. "ನಾಯಿಗೆ ಅಂತ ನನಗೆ ಹೇಳಬಾರದಿತ್ತಾ?"

"ಹೇಳಬೇಕಿತ್ತು. ಹೇಳಲಿಲ್ಲ."

"ಹೇಳಿದ್ದರೆ ನಾನು ಒಗೆಯುತ್ತಿರಲಿಲ್ಲ. ನಾಯಿಗಲ್ಲ, ಹುಲಿಗೆ ಬೇಕಾದರೂ ಕೊಡುತ್ತಿದ್ದೆ."

ಅವರು ಹೆಂಡತಿಯ ಕೈ ಹಿಡಿದುಕೊಂಡರು. ಸೋಪಿನ ನೀರಿನಲ್ಲಿ ನೆಂದು ನೆಂದು ಬೆರಳ ತುದಿಗಳು ಸುಕ್ಕುಗಟ್ಟಿದ್ದವು. ಬಂಡೆಯ ವಿಷಯ, ಮುಖಕ್ಕೆ ಏನೂ ಆಗದಿದ್ದ ವಿಷಯ ಹೇಳಿದರು. ಅಂಗಿ ಒಣಗಲು ಹರಡಿದ್ದನಂತೆ ಎಂದರು.

"ಕಲ್ಲು ಇಟ್ಟಿದ್ದನಾ ಮೇಲೆ?" ಎಂದಳು ಬೀಬಿ.

"ಇಟ್ಟಿದ್ದನಂತೆ."

"ಹೂಂ. ಚಿಕ್ಕಂದಿನಲ್ಲಿ ಟೆರೇಸಿನಿಂದ ಎಷ್ಟು ಬಟ್ಟೆ ಹಾರಿಸಿದ್ದಾನೆ. ಹೊಡೆದು ಕಲಿಸಿದ್ದು ನಾನು." ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಅವರ ಕಿಸೆಯಲ್ಲಿದ್ದ ಲಕೋಟೆ ಕಂಡಿತು. "ಅದು ಎಂತ?"

ತೆಗೆದು ತೋರಿಸಿದರು. ಬೀಬಿ ಕೈ ಚಾಚಿದಾಗ ತಡೆದರು. "ನಾಯಿಗೆ ಕೊಟ್ಟದ್ದು ಇದನ್ನೇ. ಅದರ ಒದ್ದೆ ತಾಗಿದೆ. ನಾಳೆ ಮಣ್ಣು ಹಾಕಿ ತೊಳೆದು ಕೊಡುತ್ತೇನೆ."

ಬೀಬಿ ಅದನ್ನು ಅವರ ಕೈಯಿಂದ ಬಿಡಿಸಿಕೊಂಡಳು. ಲಕೋಟೆಯ ಬಾಯಿಗೆ ಮುಖ ಹಚ್ಚಿ ಕುಳಿತಳು. ಒಳಗೆ ಹೆಂಗಸರು ಕುರಾನಿನ ಯಾಸೀನ್ ಓದುತ್ತಿದ್ದ ಸ್ವರ ಕೇಳುತ್ತಿತ್ತು.

"ಇದನ್ನು ಹಾಕಿಕೊಂಡು ಇನ್ನು ಯಾರೂ ನಮಾಜು ಮಾಡುವುದಿಲ್ಲವಲ್ಲ?" ಎಂದು ಕೇಳಿದಳು, ಮುಖ ಎತ್ತದೆ.

"ಇಲ್ಲ."

"ಹಾಗಾದರೆ ಅಶುದ್ಧವಾಗಿಯೇ ಇರಲಿ. ಇಟ್ಟುಕೊಳ್ಳುವುದಕ್ಕೆ ಅಡ್ಡಿ ಇಲ್ಲ ತಾನೇ?"

ಮಮ್ಮದ್ ಬ್ಯಾರಿಯವರು ಕಲಿತದ್ದನ್ನೆಲ್ಲ ನೆನಪು ಮಾಡಿಕೊಂಡು ನೋಡಿದರು. ನಮಾಜಿಗೆ ಆಗದು ಎಂದಿತ್ತೇ ಹೊರತು, ಇಟ್ಟುಕೊಳ್ಳಬಾರದು ಎಂದು ಉಸ್ತಾದರು ಹೇಳಿದ ನೆನಪಾಗಲಿಲ್ಲ.

"ಅಡ್ಡಿ ಇಲ್ಲ," ಎಂದರು.

ಬೀಬಿ ಲಕೋಟೆಯ ಬಾಯಿಯನ್ನು ಗಾಳಿಯಾಡದ ಹಾಗೆ ಎರಡು ಮಡಿಕೆ ಮಡಿಚಿದಳು. "ನಾನು ತೊಳೆದದ್ದು ಸಾಕು," ಎಂದಳು. ಗೋಡೆ ಹಿಡಿದು ಎದ್ದು, ನಮಾಜಿನ ಚಾಪೆಗಳನ್ನು ಇಡುವ ಕಪಾಟನ್ನು ಬಿಟ್ಟು, ಸಮೀನಾ ಮಲಗಿದ್ದ ಕೋಣೆಗೆ ಹೋಗಿ ಅವಳ ದಿಂಬಿನ ಪಕ್ಕದಲ್ಲಿ ಇಟ್ಟಳು.

ಮಮ್ಮದ್ ಬ್ಯಾರಿಯವರು ಬಾಲ್ಕನಿಯಲ್ಲಿ ಉಳಿದರು. ಸಂಜೆಯ ಮಗ್ರಿಬಿನ ಬಾಂಗು ಆಗುವುದರೊಳಗೆ ಹಗ್ಗದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಚಿಟ್ಟರು.